ನೋವಿಲ್ಲದ ಗಂಟನ್ನೇ ಮೊದಲು ತೋರಿಸಿ: ಸ್ತನ ಕ್ಯಾನ್ಸರ್ ಅಪಾಯ ತಗ್ಗಿಸಲು, ಬೇಗ ಪತ್ತೆ ಹಚ್ಚಲು ಸಮಗ್ರ ಮಾರ್ಗದರ್ಶಿ

ನಮ್ಮ ಚಿಕ್ಕಮ್ಮನಿಗೆ ಗಂಟು ಕೈಗೆ ಸಿಕ್ಕಿದ್ದು ದೀಪಾವಳಿಯ ಎಣ್ಣೆಸ್ನಾನದ ದಿನ. ಎಡಗಡೆ, ಕಂಕುಳಿಗೆ ಹತ್ತಿರ, ಅಡಿಕೆಯಷ್ಟು ಗಾತ್ರ. ಅವರು ಅದನ್ನು ಮನೆಯಲ್ಲಿ ಹೇಳಿದ್ದು ಮಗಳ ಮದುವೆ ಮುಗಿದು, ಬೀಗರೂಟವೂ ಮುಗಿದ ಮೇಲೆ. ಅಷ್ಟರಲ್ಲಿ ಏಳು ತಿಂಗಳು ಕಳೆದಿತ್ತು. "ಯಾಕೆ ಚಿಕ್ಕಮ್ಮ, ಅಷ್ಟು ದಿನ ಸುಮ್ನಿದ್ರಿ?" ಅಂತ ಕೇಳಿದೆ. "ನೋವೇ ಇರ್ಲಿಲ್ವಲ್ಲೇ. ನೋವು ಬಂದ್ರೆ ತೋರಿಸೋಣ ಅಂದ್ಕೊಂಡೆ" ಅಂದರು.

ನಾನು ಇದನ್ನು ಬರೆಯುತ್ತಿರುವುದೇ ಆ ಒಂದು ಮಾತಿಗಾಗಿ. ಸ್ತನ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಗೆ ಕಾಯುತ್ತಾ ಕೂತರೆ ಚಿಕಿತ್ಸೆ ಸುಲಭವಾಗಿರುವ ದಿನಗಳೆಲ್ಲ ಕೈಜಾರಿ ಹೋಗುತ್ತವೆ.

2022ರಲ್ಲಿ ನಮ್ಮ ದೇಶದಲ್ಲಿ ಸುಮಾರು 1.92 ಲಕ್ಷ ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂತು ಅನ್ನುವುದು ಜಾಗತಿಕ ಕ್ಯಾನ್ಸರ್ ಅಂದಾಜು. ಅದೇ ವರ್ಷ ಸುಮಾರು 98 ಸಾವಿರ ಮಂದಿ ಇದರಿಂದ ತೀರಿಕೊಂಡರು. ಸಾವು ಇಷ್ಟು ಜಾಸ್ತಿ ಇರುವುದಕ್ಕೆ ದೊಡ್ಡ ಕಾರಣ ತಡ. ಅಮೆರಿಕದ ಲೆಕ್ಕ ನೋಡಿ. ಕ್ಯಾನ್ಸರ್ ಸ್ತನದೊಳಗೇ ಇದ್ದಾಗ ಸಿಕ್ಕರೆ, ಐದು ವರ್ಷದ ಬದುಕುಳಿಯುವ ಪ್ರಮಾಣ ಶೇ 99ರ ಮೇಲೆ. ಮೂಳೆಗೋ ಶ್ವಾಸಕೋಶಕ್ಕೋ ಹರಡಿದ ಮೇಲೆ ಸಿಕ್ಕರೆ ಅದು ಶೇ 30ರ ಆಸುಪಾಸಿಗೆ ಇಳಿಯುತ್ತದೆ. ಕಾಯಿಲೆ ಅದೇ. ಸಿಕ್ಕ ಹೊತ್ತು ಬೇರೆ.

ಮೊದಲ ಹೆಜ್ಜೆ: ಮನೆತನದ ಕಥೆ ಕೇಳಿಕೊಳ್ಳಿ

ಒಂದು ಹಾಳೆ ತೆಗೆದುಕೊಳ್ಳಿ. ಅಮ್ಮ, ಅಕ್ಕ-ತಂಗಿ, ಅಜ್ಜಿಯರು, ದೊಡ್ಡಮ್ಮ, ಚಿಕ್ಕಮ್ಮ ಎಲ್ಲರ ಹೆಸರು ಬರೆಯಿರಿ. ಇಲ್ಲಿ ತುಂಬಾ ಜನ ಒಂದು ತಪ್ಪು ಮಾಡುತ್ತಾರೆ. ಅಪ್ಪನ ಕಡೆಯವರನ್ನು ಬಿಟ್ಟುಬಿಡುತ್ತಾರೆ. ಅಪಾಯ ತರುವ ಜೀನು ಅಪ್ಪನಿಂದಲೂ ಅಷ್ಟೇ ಸಲೀಸಾಗಿ ಬರುತ್ತದೆ. ಹಾಗಾಗಿ ಸೋದರತ್ತೆಯರನ್ನೂ, ಅಪ್ಪನ ಅಮ್ಮನನ್ನೂ ಸೇರಿಸಿ.

ಹಳಬರು "ಕ್ಯಾನ್ಸರ್" ಅನ್ನುವ ಪದವನ್ನೇ ಬಳಸುತ್ತಿರಲಿಲ್ಲ. "ಎದೆಹುಣ್ಣಾಗಿ ಹೋದ್ರು", "ಹೊಟ್ಟೆಯಲ್ಲಿ ಗೆಡ್ಡೆ ಆಗಿತ್ತು" ಅಂತಿದ್ದರು. ಆ ಮಾತುಗಳನ್ನೂ ಬರೆದುಕೊಳ್ಳಿ. ಆಗ ಅವರಿಗೆ ಎಷ್ಟು ವಯಸ್ಸಾಗಿತ್ತು ಅಂತ ಮರೆಯದೆ ಕೇಳಿ.

ಮನೆಯಲ್ಲಿ ಯಾರಿಗಾದರೂ 50ಕ್ಕೆ ಮೊದಲೇ ಸ್ತನ ಕ್ಯಾನ್ಸರ್ ಬಂದಿದ್ದರೆ, ಎರಡೂ ಕಡೆ ಬಂದಿದ್ದರೆ, ಅಂಡಾಶಯದ ಕ್ಯಾನ್ಸರ್ ಇದ್ದಿದ್ದರೆ, ಅಥವಾ ಗಂಡಸಿಗೆ ಸ್ತನ ಕ್ಯಾನ್ಸರ್ ಬಂದಿದ್ದರೆ ಆ ಹಾಳೆ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ. ಅವರು ಜೆನೆಟಿಕ್ ಕೌನ್ಸೆಲಿಂಗ್‌ಗೆ, ಅಂದರೆ ವಂಶದಿಂದ ಬರುವ ಅಪಾಯದ ಬಗ್ಗೆ ಸಲಹೆ ಕೊಡುವ ತಜ್ಞರ ಹತ್ತಿರ, ಕಳಿಸಬಹುದು. ಬಿಆರ್‌ಸಿಎ-1, ಬಿಆರ್‌ಸಿಎ-2 ಅನ್ನುವ ಜೀನುಗಳಲ್ಲಿ ದೋಷವಿದ್ದರೆ ಜೀವಮಾನದ ಅಪಾಯ ಅರ್ಧಕ್ಕೂ ಮೇಲೆ ಹೋಗಬಹುದು. ಅಂಥವರಿಗೆ ತಪಾಸಣೆ ಚಿಕ್ಕ ವಯಸ್ಸಿನಲ್ಲೇ ಎಂಆರ್‌ಐಯೊಂದಿಗೆ ಶುರುವಾಗುತ್ತದೆ.

ಹಾಗಂತ ಹಾಳೆ ಖಾಲಿ ಇದ್ದರೆ ನಿಶ್ಚಿಂತೆ ಅಂದುಕೊಳ್ಳಬೇಡಿ. ಜೀನಿನಿಂದ ಬರುವ ಸ್ತನ ಕ್ಯಾನ್ಸರ್ ನೂರರಲ್ಲಿ ಐದರಿಂದ ಹತ್ತು ಮಾತ್ರ. "ನಮ್ಮ ವಂಶದಲ್ಲೇ ಇಲ್ಲ" ಅಂತ ನಮ್ಮ ಚಿಕ್ಕಮ್ಮನೂ ಹೇಳಿದ್ದರು.

ಇನ್ನು ಕೆಲವು ಸಂಗತಿ ನಮ್ಮ ಕೈಯಲ್ಲಿಲ್ಲ. ವಯಸ್ಸು, 12ಕ್ಕೆ ಮೊದಲೇ ಮೈನೆರೆಯುವುದು, 55 ದಾಟಿದ ಮೇಲೆ ಮುಟ್ಟು ನಿಲ್ಲುವುದು, ಮಕ್ಕಳಾಗದಿರುವುದು ಅಥವಾ ಮೊದಲ ಮಗು 30ರ ನಂತರ ಆಗುವುದು. ಇವೆಲ್ಲ ಅಪಾಯವನ್ನು ಸ್ವಲ್ಪ ಸ್ವಲ್ಪ ಏರಿಸುತ್ತವೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಕಾಯಿಲೆ ಬಂದ ಹೆಂಗಸಿನ ಮುಂದೆ ಕೂತು "ತಡವಾಗಿ ಮದುವೆ ಆದೆ, ಅದಕ್ಕೇ" ಅನ್ನುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಆ ಕೆಲಸ ಮಾಡಬೇಡಿ.

ಎರಡನೇ ಹೆಜ್ಜೆ: ಕೈಯಲ್ಲಿರುವ ಅಭ್ಯಾಸಗಳು

ಬೆಂಗಳೂರಿನಲ್ಲಿ 1982ರಿಂದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಮೂಲಕ ಕ್ಯಾನ್ಸರಿನ ಲೆಕ್ಕ ಇಡಲಾಗುತ್ತಿದೆ. ಆಗ ನಗರದ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮೊದಲ ಸ್ಥಾನದಲ್ಲಿತ್ತು. ಈಗ ಆ ಜಾಗಕ್ಕೆ ಸ್ತನ ಕ್ಯಾನ್ಸರ್ ಬಂದಿದೆ. ನಾವು ಬದುಕುವ ರೀತಿ ಬದಲಾದದ್ದಕ್ಕೂ ಇದಕ್ಕೂ ನಂಟಿದೆ.

ಮೊದಲನೆಯದು ತೂಕ. ಮುಟ್ಟು ನಿಂತ ಮೇಲೆ ಅಂಡಾಶಯ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಮಾಡುವುದನ್ನು ನಿಲ್ಲಿಸುತ್ತದೆ. ಆಗ ಮೈಯಲ್ಲಿರುವ ಕೊಬ್ಬೇ ಅದನ್ನು ತಯಾರಿಸತೊಡಗುತ್ತದೆ. ಕೊಬ್ಬು ಜಾಸ್ತಿಯಾದಷ್ಟೂ ಈಸ್ಟ್ರೋಜನ್ ಜಾಸ್ತಿ. ತುಂಬಾ ಸ್ತನ ಕ್ಯಾನ್ಸರುಗಳು ಬೆಳೆಯುವುದು ಇದೇ ಹಾರ್ಮೋನಿನ ಬಲದಿಂದ. ಅದಕ್ಕೇ 45-50ರ ವಯಸ್ಸಿನಲ್ಲಿ ಏರುವ ತೂಕವನ್ನು ಹಗುರವಾಗಿ ನೋಡಬಾರದು. ಟೈಲರ್ ಟೇಪ್ ತಗೊಂಡು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವಿನ ಜಾಗದಲ್ಲಿ ಸುತ್ತಿ ಅಳೆಯಿರಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಸಹಜವಾಗಿ ಉಸಿರು ಬಿಟ್ಟು ನೋಡಿ. ನಮ್ಮ ಕಡೆಯ ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿದ್ದರೆ ಒಳ್ಳೆಯದು.

ಎರಡನೆಯದು ನಡಿಗೆ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ಓಡಾಟ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. "ಬೆಳಗ್ಗೆಯಿಂದ ಮನೆಕೆಲಸ ಮಾಡ್ತೀನಲ್ಲ, ಅದು ಸಾಲದಾ?" ಅಂತ ಕೇಳುವವರಿದ್ದಾರೆ. ಅದಕ್ಕೊಂದು ಸುಲಭ ಪರೀಕ್ಷೆ ಇದೆ. ಕೆಲಸ ಮಾಡುವಾಗ ಮಾತಾಡಲು ಆಗಬೇಕು, ಆದರೆ ಹಾಡು ಹೇಳಲು ಉಸಿರು ಸಾಲಬಾರದು. ಗದ್ದೆ ಕೆಲಸ, ನೀರು ಹೊರುವುದು ಈ ಲೆಕ್ಕಕ್ಕೆ ಬರುತ್ತವೆ. ಒಲೆ ಮುಂದೆ ನಿಲ್ಲುವುದು ಬರುವುದಿಲ್ಲ.

ಮೂರನೆಯದು ಎದೆಹಾಲು. 30 ದೇಶಗಳ 47 ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ಲೆಕ್ಕ ಹಾಕಿದರು. ಒಬ್ಬ ತಾಯಿ ಒಟ್ಟು 12 ತಿಂಗಳು ಹಾಲುಣಿಸಿದರೆ ಅವಳ ಅಪಾಯ ಶೇ 4.3ರಷ್ಟು ತಗ್ಗುತ್ತದೆ ಅಂತ ಗೊತ್ತಾಯಿತು. ಎರಡು ಮಕ್ಕಳಿಗೂ ಒಂದೊಂದು ವರ್ಷ ಕೊಟ್ಟರೆ ಲಾಭ ಕೂಡುತ್ತಾ ಹೋಗುತ್ತದೆ. ಹಾಲು ಬರದೆ ಕೊಡಲಾಗದವರು ಕೊರಗಬೇಕಾಗಿಲ್ಲ. ಉಳಿದ ದಾರಿಗಳಿವೆ.

ಮದ್ಯದ ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ. ದಿನಕ್ಕೆ ಒಂದೇ ಪೆಗ್ ಆದರೂ ಅಪಾಯ ಏರುತ್ತದೆ. ವೈನ್ ಆದರೂ ಅಷ್ಟೇ. ಕುಡಿಯದಿರುವುದೇ ಒಳ್ಳೆಯದು.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಯಾಕೆಂದರೆ ಇದೊಂದನ್ನು ತಿಂದರೆ ಸ್ತನ ಕ್ಯಾನ್ಸರ್ ಬರುವುದಿಲ್ಲ ಅನ್ನುವಂಥ ಪದಾರ್ಥ ಯಾವುದೂ ಇಲ್ಲ. ಸೊಪ್ಪಿನ ಸಾರು, ಕಾಳಿನ ಪಲ್ಯ, ಮುದ್ದೆ, ಹಣ್ಣು ಇರಲಿ. ಕರಿದದ್ದು, ಸಿಹಿ, ಬೇಕರಿ ತಿಂಡಿ ಕಡಿಮೆಯಾಗಲಿ. ಇದರಿಂದ ತೂಕ ಹಿಡಿತಕ್ಕೆ ಬರುತ್ತದೆ. ನಿಜವಾದ ಲಾಭ ಅದು.

ಮುಟ್ಟು ನಿಂತ ಮೇಲೆ ಮೈ ಬಿಸಿಯಾಗುವುದು, ಬೆವರುವುದು ಅಂತ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರ ಹತ್ತಿರ ಒಮ್ಮೆ ಬಿಡಿಸಿ ಕೇಳಿ: ಇದು ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎರಡೂ ಹಾರ್ಮೋನ್ ಸೇರಿದ್ದಾ, ಎಷ್ಟು ದಿನ ಬೇಕು? ಎರಡೂ ಸೇರಿದ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೆ ಅಪಾಯ ಏರುತ್ತದೆ. ಬ್ರಾ ಬಿಗಿಯಾದರೆ, ಡಿಯೋಡರೆಂಟ್ ಹಾಕಿದರೆ ಕ್ಯಾನ್ಸರ್ ಬರುತ್ತದೆ ಅನ್ನುವ ಮೆಸೇಜುಗಳಿಗೆ ಮಾತ್ರ ಆಧಾರವಿಲ್ಲ.

ಇಷ್ಟೆಲ್ಲ ಪಾಲಿಸಿದರೂ ಅಪಾಯ ತಗ್ಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ದಿನಾ ನಡೆಯುವವರಿಗೂ, ಮಕ್ಕಳಿಗೆ ಹಾಲುಣಿಸಿದವರಿಗೂ ಇದು ಬರುತ್ತದೆ. ಆದ್ದರಿಂದ ಮುಂದಿನ ಹೆಜ್ಜೆಗಳನ್ನು ಯಾರೂ ಬಿಡುವ ಹಾಗಿಲ್ಲ.

ಮೂರನೇ ಹೆಜ್ಜೆ: ನಿಮ್ಮ ಎದೆ ನಿಮಗೆ ಪರಿಚಯವಿರಲಿ

ಇಲ್ಲಿ ಒಂದು ನಿಜ ಹೇಳಬೇಕು. ಚೀನಾದ ಶಾಂಘೈನಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜವಳಿ ಕಾರ್ಮಿಕ ಹೆಂಗಸರ ಮೇಲೆ ಒಂದು ಅಧ್ಯಯನ ನಡೆಯಿತು. ಅವರಲ್ಲಿ ಅರ್ಧದಷ್ಟು ಜನರಿಗೆ ಸ್ವಯಂ ಪರೀಕ್ಷೆ ಕಲಿಸಿದ್ದರು. ಕಲಿತವರಲ್ಲೂ ಕಲಿಯದವರಲ್ಲೂ ಸಾವಿನ ಪ್ರಮಾಣ ಒಂದೇ ಇತ್ತು. ಹಾಗಾಗಿ ಸ್ವಯಂ ಪರೀಕ್ಷೆ ಮಾಡಿಕೊಂಡೆ, ಇನ್ನು ಡಾಕ್ಟರ್ ಬೇಡ ಅನ್ನುವ ಹಾಗಿಲ್ಲ. ಆದರೆ ತಪಾಸಣೆ ಎಲ್ಲರನ್ನೂ ಮುಟ್ಟದ ನಮ್ಮಲ್ಲಿ ಗಂಟು ಹೆಚ್ಚಾಗಿ ಮೊದಲು ಸಿಗುವುದು ಆ ಹೆಂಗಸಿನ ಕೈಗೇ. ನಿಮ್ಮ ಎದೆ ಸಹಜವಾಗಿ ಹೇಗಿರುತ್ತದೆ ಅಂತ ಗೊತ್ತಿದ್ದರೆ, ಬದಲಾದದ್ದು ಕೂಡಲೇ ತಿಳಿಯುತ್ತದೆ.

ಮುಟ್ಟಿಗೆ ಮುಂಚಿನ ದಿನಗಳಲ್ಲಿ ಎದೆ ಬಿಗಿದು, ಗಂಟುಗಂಟಾಗಿ ಇರುವುದು ಸಹಜ. ಮುಟ್ಟು ಶುರುವಾದ ದಿನದಿಂದ ಎಣಿಸಿ 7ರಿಂದ 10ನೇ ದಿನದ ಹೊತ್ತಿಗೆ ನೋಡಿಕೊಳ್ಳಿ. ಮುಟ್ಟು ನಿಂತವರು ಒಂದು ದಿನ ಗೊತ್ತು ಮಾಡಿಕೊಳ್ಳಿ, ಹುಣ್ಣಿಮೆಯೋ ಒಂದನೇ ತಾರೀಕೋ.

ಮೊದಲು ಕಣ್ಣಿನ ಕೆಲಸ. ಬಚ್ಚಲುಮನೆಯ ಚಿಕ್ಕ ಕನ್ನಡಿ ಸಾಲದು. ಕೋಣೆಯ ಚಿಲಕ ಹಾಕಿ, ಬೀರುವಿನ ಕನ್ನಡಿ ಮುಂದೆ ನಿಲ್ಲಿ. ಕೈ ಕೆಳಗೆ ಬಿಟ್ಟು ನೋಡಿ. ಆಮೇಲೆ ಎರಡೂ ಕೈ ತಲೆಯ ಮೇಲೆತ್ತಿ. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಗಟ್ಟಿಯಾಗಿ ಒತ್ತಿ. ಕೈ ಎತ್ತಿದಾಗ ಎರಡೂ ಕಡೆ ಒಟ್ಟಿಗೆ ಮೇಲೇರುತ್ತದಾ? ಎಲ್ಲಾದರೂ ಚರ್ಮ ಒಳಗಿಂದ ಯಾರೋ ದಾರ ಕಟ್ಟಿ ಎಳೆದಂತೆ ಕುಳಿ ಬೀಳುತ್ತದಾ? ಕಿತ್ತಳೆ ಸಿಪ್ಪೆಯಂತೆ ಸಣ್ಣ ಸಣ್ಣ ಗುಳಿ ಕಾಣುತ್ತದಾ? ಮೊದಲು ಚಾಚಿಕೊಂಡಿದ್ದ ತೊಟ್ಟು ಈಗ ಒಳಗೆ ಹೋಗಿದೆಯಾ? ಒಂದು ಸ್ತನ ಇನ್ನೊಂದಕ್ಕಿಂತ ಸ್ವಲ್ಪ ದೊಡ್ಡದಿರುವುದು ತುಂಬಾ ಜನಕ್ಕೆ ಹುಟ್ಟಿನಿಂದಲೇ ಇರುತ್ತದೆ. ಹೊಸದಾಗಿ ಆದ ಬದಲಾವಣೆ ಮಾತ್ರ ಲೆಕ್ಕ.

ಆಮೇಲೆ ಕೈಯ ಕೆಲಸ. ಮಲಗಿಕೊಳ್ಳಿ. ಬಲಗಡೆ ನೋಡುವುದಾದರೆ ಬಲ ಭುಜದ ಕೆಳಗೆ ತೆಳು ದಿಂಬಿಟ್ಟು, ಬಲಗೈ ತಲೆಯ ಕೆಳಗಿಡಿ. ಎಡಗೈಯ ನಡುವಿನ ಮೂರು ಬೆರಳು ಸೇರಿಸಿ, ಬೆರಳಿನ ತುದಿಯಿಂದ ಅಲ್ಲ, ತುದಿಯ ಹಿಂದಿನ ಮೆತ್ತನೆಯ ಭಾಗದಿಂದ ಮುಟ್ಟಿ. ಸೋಪಿನ ನೊರೆ ಅಥವಾ ಕೊಬ್ಬರಿ ಎಣ್ಣೆ ಹಚ್ಚಿಕೊಂಡರೆ ಕೈ ಸಲೀಸಾಗಿ ಜಾರುತ್ತದೆ. ನೆಲ ಒರೆಸುವಾಗ ಪಟ್ಟಿ ಪಟ್ಟಿಯಾಗಿ ಮೇಲಿಂದ ಕೆಳಗೆ ಬರುತ್ತೀರಲ್ಲ, ಹಾಗೆ. ಮೇಲೆ ಕುತ್ತಿಗೆಯ ಬುಡದ ಮೂಳೆಯಿಂದ ಕೆಳಗೆ ಬ್ರಾ ಅಂಚಿನವರೆಗೆ, ಎದೆಯ ನಡುವಿನ ಮೂಳೆಯಿಂದ ಕಂಕುಳಿನ ಒಳಗಿನವರೆಗೆ. ಒಂದೇ ಜಾಗದಲ್ಲಿ ಮೂರು ಸಲ, ಸಣ್ಣ ವೃತ್ತದಲ್ಲಿ: ಹಗುರವಾಗಿ, ಸ್ವಲ್ಪ ಒತ್ತಿ, ಪಕ್ಕೆಲುಬು ತಾಗುವಷ್ಟು ಒತ್ತಿ. ಹಿಂಡಿ ನೋಡಬೇಡಿ. ಹಿಡಿದು ಹಿಂಡಿದರೆ ಯಾವ ಎದೆಯಲ್ಲಾದರೂ ಗಂಟು ಸಿಕ್ಕಂತೆಯೇ ಅನಿಸುತ್ತದೆ.

ಕೆಳಗಿನ ಅಂಚಿನಲ್ಲಿ ಒಂದು ಗಟ್ಟಿ ದಿಂಡು ಸಿಗುತ್ತದೆ. ಅದು ಸಹಜ, ಹೆದರಬೇಡಿ. ನೆನೆಸದ ಕಡಲೆಕಾಳಿನಂತೆ ಗಟ್ಟಿಯಾಗಿ, ಬೆರಳಿಗೆ ಜಾರದೆ ಒಂದೇ ಕಡೆ ಕೂತಿರುವಂಥದ್ದು ಸಿಕ್ಕರೆ ತೋರಿಸಲೇಬೇಕು. ಸುಲಭವಾಗಿ ಜಾರುವ ಗಂಟನ್ನೂ ತೋರಿಸಿ. ಅದು ಹೆಚ್ಚಾಗಿ ನಿರುಪದ್ರವಿ, ಆದರೆ ಆ ತೀರ್ಮಾನ ಡಾಕ್ಟರದ್ದು. ಹಿಂಡದೇ ತಾನಾಗಿ ಒಂದೇ ತೊಟ್ಟಿನಿಂದ ರಕ್ತ ಅಥವಾ ನೀರು ಒಸರುವುದು, ತೊಟ್ಟಿನ ಮೇಲೆ ವಾಸಿಯಾಗದ ಕಜ್ಜಿ, ಕಂಕುಳಲ್ಲಿ ಗಂಟು ಕೂಡ ಇದೇ ಪಟ್ಟಿಗೆ ಸೇರುತ್ತವೆ.

ಹಾಲುಣಿಸುವ ತಾಯಂದಿರಿಗೆ ಒಂದು ಮಾತು. "ಹಾಲುಗಟ್ಟಿದೆ" ಅಂದುಕೊಂಡ ಗಂಟು ಎರಡು ವಾರದಲ್ಲಿ ಕರಗದಿದ್ದರೆ, ಅಥವಾ ಎದೆ ಕೆಂಪಾಗಿ ಊದಿಕೊಂಡು ಮಾತ್ರೆ ಕೊಟ್ಟರೂ ಇಳಿಯದಿದ್ದರೆ ಸ್ಕ್ಯಾನಿಂಗ್ ಮಾಡಿಸಿ ಅಂತ ನೀವೇ ಕೇಳಿ. ಹಾಲುಣಿಸುವಾಗ, ಬಸುರಿಯಾಗಿದ್ದಾಗ ಕೂಡ ಅಲ್ಟ್ರಾಸೌಂಡ್ ಮಾಡಬಹುದು.

ಇದನ್ನು ಓದುವ ಗಂಡಸರೇ, ಸ್ತನ ಕ್ಯಾನ್ಸರ್ ಬಂದ ನೂರು ಜನರಲ್ಲಿ ಸುಮಾರು ಒಬ್ಬರು ಗಂಡಸರು. ತೊಟ್ಟಿನ ಹಿಂದೆ ಗಟ್ಟಿ ಗಂಟಾದರೆ ನಾಚಿಕೊಂಡು ಕೂರಬೇಡಿ.

ನಾಲ್ಕನೇ ಹೆಜ್ಜೆ: ಕಲಿತವರ ಕೈಯಿಂದ ಪರೀಕ್ಷೆ

ಇದು ನಮ್ಮಲ್ಲಿ ಎಲ್ಲರಿಗೂ ಎಟಕುವ ಪರೀಕ್ಷೆ, ಆದರೂ ತುಂಬಾ ಜನ ಮಾಡಿಸಿಕೊಳ್ಳುವುದಿಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಸೇರಿಸಿಕೊಂಡು ಒಂದು ಅಧ್ಯಯನ ಶುರು ಮಾಡಿದರು. ಅವರಲ್ಲಿ ಅರ್ಧದಷ್ಟು ಜನರ ಎದೆಯನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷಿಸಿದರು. 20 ವರ್ಷದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ 30ರಷ್ಟು ಕಡಿಮೆಯಾಗಿತ್ತು. ಅದಕ್ಕಿಂತ ಚಿಕ್ಕವರಲ್ಲಿ ಸಾವು ಅಷ್ಟು ಇಳಿಯಲಿಲ್ಲ. ಆದರೆ ಒಟ್ಟಾರೆ ನೋಡಿದರೆ ಪರೀಕ್ಷೆ ಮಾಡಿಸಿಕೊಂಡವರ ಕಾಯಿಲೆ ಮುಂಚಿನ ಹಂತದಲ್ಲೇ ಸಿಕ್ಕಿತ್ತು. ಬರೀ ಕೈ, ಅದೂ ಕಲಿತ ಕೈ, ಇಷ್ಟು ಮಾಡಿತು ಅನ್ನುವುದು ನನಗೆ ಇವತ್ತಿಗೂ ದೊಡ್ಡ ಸಂಗತಿ.

ಕೇಂದ್ರ ಸರ್ಕಾರದ ಕಾರ್ಯಕ್ರಮದಲ್ಲಿ 30 ದಾಟಿದ ಹೆಂಗಸರಿಗೆ ಬಾಯಿ, ಗರ್ಭಕೊರಳು, ಸ್ತನ ಈ ಮೂರು ಕ್ಯಾನ್ಸರುಗಳ ತಪಾಸಣೆ ಉಚಿತವಾಗಿದೆ. ನಿಮ್ಮೂರಿನ ಆಯುಷ್ಮಾನ್ ಆರೋಗ್ಯ ಮಂದಿರಕ್ಕೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಹೋಗಿ, ಅಥವಾ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ "ಎದೆ ಪರೀಕ್ಷೆ ಯಾವತ್ತು ಮಾಡ್ತಾರೆ?" ಅಂತ ಕೇಳಿ. ಹೆಣ್ಣುಮಕ್ಕಳೇ ನೋಡಬೇಕು ಅಂತ ಕೇಳುವುದಕ್ಕೆ ಸಂಕೋಚ ಬೇಡ. ಸರ್ಕಾರದ ಲೆಕ್ಕದಲ್ಲಿ ಇದು ಐದು ವರ್ಷಕ್ಕೊಮ್ಮೆ. ನಿಮಗೆ ಅನುಕೂಲವಿದ್ದರೆ ಇನ್ನೂ ಬೇಗ, 40 ದಾಟಿದ ಮೇಲೆ ವರ್ಷಕ್ಕೊಮ್ಮೆ ಮಾಡಿಸಿ ಅನ್ನುವುದು ನನ್ನ ಸಲಹೆ.

ಐದನೇ ಹೆಜ್ಜೆ: ಮ್ಯಾಮೊಗ್ರಾಂ

ಕೈಗೆ ಸಿಗುವುದಕ್ಕೂ ಮೊದಲೇ ಗಂಟನ್ನು ತೋರಿಸಬಲ್ಲ ಎಕ್ಸ್‌ರೇ ಇದು. 40 ದಾಟಿದವರು ಡಾಕ್ಟರ ಹತ್ತಿರ ಮಾತಾಡಿ, ಒಂದೆರಡು ವರ್ಷಕ್ಕೊಮ್ಮೆ ಮಾಡಿಸಬಹುದು. ಅಮೆರಿಕದ ತಜ್ಞರ ಸಮಿತಿ 2024ರಲ್ಲಿ 40ರಿಂದ 74ರವರೆಗೆ ಎರಡು ವರ್ಷಕ್ಕೊಮ್ಮೆ ಅಂತ ಹೇಳಿದೆ. ನಮ್ಮಲ್ಲಿ ಈ ಕಾಯಿಲೆ ಪಶ್ಚಿಮ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮುಂಚೆ ಕಾಣಿಸಿಕೊಳ್ಳುತ್ತದೆ, ಇದು ನೆನಪಿರಲಿ. ಚಿಕ್ಕ ವಯಸ್ಸಿನ ದಟ್ಟ ಎದೆಯಲ್ಲಿ ಮ್ಯಾಮೊಗ್ರಾಂ ಸ್ಪಷ್ಟವಾಗಿ ಕಾಣುವುದಿಲ್ಲ. ಅದಕ್ಕೆ ಅಲ್ಟ್ರಾಸೌಂಡ್ ಮಾಡುತ್ತಾರೆ.

ಮುಟ್ಟಾದ ಮುಂದಿನ ವಾರ ಹೋಗಿ, ನೋವು ಕಡಿಮೆ. ಆ ದಿನ ಕಂಕುಳಿಗೆ, ಎದೆಗೆ ಪೌಡರ್ ಹಾಕಬೇಡಿ. ಅದರ ಕಣಗಳು ಚಿತ್ರದಲ್ಲಿ ಚುಕ್ಕೆಗಳಾಗಿ ಕಾಣುತ್ತವೆ. ಕುಪ್ಪಸ ಬೇರೆ, ಕೆಳಗಿನ ಬಟ್ಟೆ ಬೇರೆ ಇದ್ದರೆ ಸುಲಭ. ಒಂದು ತಟ್ಟೆಯ ಮೇಲೆ ಎದೆ ಇಟ್ಟು, ಇನ್ನೊಂದು ಪ್ಲಾಸ್ಟಿಕ್ ತಟ್ಟೆಯಿಂದ ಒತ್ತುತ್ತಾರೆ. ಕೆಲವು ಸೆಕೆಂಡು ಬಿಗಿಯಾಗುತ್ತದೆ. ಹೀಗೆ ಎರಡೂ ಕಡೆ ಸೇರಿ ನಾಲ್ಕು ಚಿತ್ರ. ರೇಡಿಯೇಷನ್ ಭಯ ಬೇಡ, ನಮ್ಮ ಸುತ್ತಲಿನ ಪ್ರಕೃತಿಯಿಂದ ಕೆಲವು ವಾರಗಳಲ್ಲಿ ಮೈಗೆ ತಾಗುವಷ್ಟೇ ಅದು.

ರಿಪೋರ್ಟಿನ ಕೊನೆಯಲ್ಲಿ "ಬೈರಾಡ್ಸ್" ಅಂತ ಒಂದು ಅಂಕಿ ಇರುತ್ತದೆ. 1 ಅಂದರೆ ಸಹಜ, 2 ಅಂದರೆ ಏನೋ ಕಂಡಿದೆ ಆದರೆ ಕ್ಯಾನ್ಸರ್ ಅಲ್ಲ. 3 ಇದ್ದರೆ ಆರು ತಿಂಗಳಿಗೆ ಮತ್ತೆ ನೋಡಬೇಕು. 4 ಅಥವಾ 5 ಇದ್ದರೆ ಬಯಾಪ್ಸಿ, ಅಂದರೆ ಸಣ್ಣ ಚೂರು ತೆಗೆದು ಲ್ಯಾಬಿನಲ್ಲಿ ನೋಡುವ ಪರೀಕ್ಷೆ, ಬೇಕು. 0 ನೋಡಿ ಖುಷಿಪಡಬೇಡಿ. ಅದು ಏನೂ ಇಲ್ಲ ಅಂತಲ್ಲ, ಇನ್ನೂ ಚಿತ್ರ ಬೇಕು ಅಂತ.

ಕೈಗೆ ಗಂಟು ಸಿಗುತ್ತಿದ್ದು ಮ್ಯಾಮೊಗ್ರಾಂನಲ್ಲಿ ಏನೂ ಕಾಣದಿದ್ದರೂ ಅಲ್ಲಿಗೇ ನಿಲ್ಲಿಸಬೇಡಿ. ಕಾಣದ ಗಂಟುಗಳೂ ಇವೆ.

ಆರನೇ ಹೆಜ್ಜೆ: ಗಂಟು ಸಿಕ್ಕಿತು. ಈಗ?

ಮೊದಲು ಉಸಿರು ಬಿಡಿ. ಸಿಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಅದು ಕ್ಯಾನ್ಸರ್ ಅಲ್ಲ ಅಂತ ಬರೆದುಕೊಡಬೇಕಾದ್ದು ಮಾತ್ರ ಲ್ಯಾಬು, ಪಕ್ಕದ ಮನೆಯವರಲ್ಲ.

ಅದೇ ದಿನ ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಅದೇ ವಾರ ಸರ್ಜನ್ ಇರುವ ಆಸ್ಪತ್ರೆಗೆ ಹೋಗಿ. ತಾಲ್ಲೂಕು ಅಥವಾ ಜಿಲ್ಲಾಸ್ಪತ್ರೆ ಸಾಕು. ನಾಟಿ ಲೇಪ, ಸೊಪ್ಪಿನ ಪಟ್ಟು, ಮಸಾಜ್ ಯಾವುದೂ ಬೇಡ. ಚಿಕ್ಕಮ್ಮ ಆ ಏಳು ತಿಂಗಳಲ್ಲಿ ಎರಡು ತಿಂಗಳು ಯಾರೋ ಕೊಟ್ಟ ಎಣ್ಣೆ ತಿಕ್ಕಿಕೊಂಡಿದ್ದರು.

ಪರೀಕ್ಷೆಗಳು ಮೂರು. ಕೈಯಿಂದ ನೋಡುವುದು, ಮ್ಯಾಮೊಗ್ರಾಂ ಅಥವಾ ಅಲ್ಟ್ರಾಸೌಂಡ್, ಆಮೇಲೆ ದಪ್ಪ ಸೂಜಿಯಿಂದ ಸಣ್ಣ ಚೂರು ತೆಗೆಯುವ ಕೋರ್ ಬಯಾಪ್ಸಿ. ಸೂಜಿ ಹಾಕಿದರೆ ಹರಡುತ್ತದೆ ಅನ್ನುವ ಮಾತು ಸುಳ್ಳು. ಆ ಮಾತು ನಂಬಿ ವಾಪಸ್ ಹೋದವರಿಗೇ ಅಪಾಯ ಜಾಸ್ತಿ. ಇನ್ನೊಂದು ಎಚ್ಚರ: "ಸಣ್ಣ ಗಂಟು, ಕೊಯ್ದು ತೆಗೆದುಬಿಡೋಣ, ಆಮೇಲೆ ನೋಡೋಣ" ಅಂತ ಯಾರಾದರೂ ಅಂದರೆ, "ಮೊದಲು ಸೂಜಿ ಬಯಾಪ್ಸಿ ಮಾಡಬಹುದಾ ಸರ್?" ಅಂತ ಕೇಳಿ. ಅದು ಏನು ಅಂತ ಗೊತ್ತಾಗುವ ಮುಂಚೆ ಕೊಯ್ದರೆ ಮುಂದಿನ ಆಪರೇಷನ್ ಕಷ್ಟವಾಗುತ್ತದೆ.

ಕ್ಯಾನ್ಸರ್ ಅಂತ ಬಂದರೆ ಅದೇ ಚೂರಿನಲ್ಲಿ ಇಆರ್, ಪಿಆರ್, ಹರ್-2 ಪರೀಕ್ಷೆ ಮಾಡಿಸಬೇಕು. ಇಆರ್, ಪಿಆರ್ ಅಂದರೆ ಆ ಕ್ಯಾನ್ಸರ್ ಹಾರ್ಮೋನಿಗೆ ಸ್ಪಂದಿಸುತ್ತದಾ ಅಂತ ನೋಡುವುದು, ಹರ್-2 ಅನ್ನುವುದು ಕ್ಯಾನ್ಸರನ್ನು ಬೆಳೆಸುವ ಒಂದು ಪ್ರೊಟೀನು. ಯಾವ ಔಷಧಿ ನಾಟುತ್ತದೆ ಅಂತ ಇವೇ ಹೇಳುತ್ತವೆ. ಆ ಚೂರನ್ನು ಕೂರಿಸಿದ ಮೇಣದ ಬ್ಲಾಕ್ ಮತ್ತು ಗಾಜಿನ ಸ್ಲೈಡನ್ನು ಲ್ಯಾಬಿನಿಂದ ಕೇಳಿ ಪಡೆದು ಜೋಪಾನವಾಗಿಡಿ. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಬೇಕಾದರೆ ಮತ್ತೆ ಚುಚ್ಚಿಸಿಕೊಳ್ಳುವುದು ತಪ್ಪುತ್ತದೆ.

ಆಸ್ಪತ್ರೆಗೆ ತೋರಿಸಿದ ದಿನದಿಂದ 60 ದಿನದೊಳಗೆ ಇದೇನು ಅಂತ ಖಚಿತವಾಗಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಗುರಿ. ನಿಮ್ಮ ಫೈಲಿನ ಮೊದಲ ಪುಟದಲ್ಲೇ ಆ ದಿನದ ತಾರೀಕು ಬರೆದಿಡಿ. ಅಪಾಯಿಂಟ್‌ಮೆಂಟು ಮುಂದಕ್ಕೆ ಹೋದಾಗ ಅದು ಕಣ್ಣಿಗೆ ಬೀಳಲಿ.

ಎದೆ ಪೂರ್ತಿ ತೆಗೆದುಬಿಡುತ್ತಾರೆ ಅನ್ನುವ ಭಯಕ್ಕೇ ಎಷ್ಟೋ ಹೆಂಗಸರು ಬಾಯಿ ಬಿಡುವುದಿಲ್ಲ. ಬೇಗ ಸಿಕ್ಕರೆ ಹೆಚ್ಚಿನವರಿಗೆ ಗಂಟು ಮತ್ತು ಅದರ ಸುತ್ತಲಿನ ಭಾಗ ಮಾತ್ರ ತೆಗೆದು ರೇಡಿಯೇಷನ್ ಕೊಡುತ್ತಾರೆ. ಎದೆ ಉಳಿಯುತ್ತದೆ. ಚಿಕ್ಕಮ್ಮನಿಗೆ ಹಾಗಾಗಲಿಲ್ಲ. ಕಂಕುಳಿಗೂ ಹಬ್ಬಿತ್ತು, ಕಿಮೋ ಕೊಟ್ಟು ಪೂರ್ತಿ ತೆಗೆಯಬೇಕಾಯಿತು. ಈಗ ಹುಷಾರಾಗಿದ್ದಾರೆ. ಆದರೆ "ದೀಪಾವಳಿಗೇ ಹೇಳಿದ್ದಿದ್ರೆ" ಅಂತ ಅವರೇ ಅಂದದ್ದನ್ನು ನಾನು ಮರೆಯಲಾರೆ.

ಏಳನೇ ಹೆಜ್ಜೆ: ದುಡ್ಡು ಮತ್ತು ಓಡಾಟ

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತು ಮಾಡಿದ ದರ) ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ ಸಿಗುತ್ತದೆ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ದೊಡ್ಡ ಆಸ್ಪತ್ರೆಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಪಡೆಯಿರಿ. ಅದಿಲ್ಲದೆ ಹೋಗಿ ಬರಿಗೈಲಿ ಹಿಂದಿರುಗುವವರಿದ್ದಾರೆ. ಬೆಂಗಳೂರಿನ ಕಿದ್ವಾಯಿ, ಕಲಬುರಗಿಯ ಅದರ ಕೇಂದ್ರ, ಹುಬ್ಬಳ್ಳಿಯ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ, ಇವುಗಳಲ್ಲಿ ಯಾವುದು ಹತ್ತಿರ ನೋಡಿಕೊಳ್ಳಿ. ಮಾಹಿತಿಗೆ 104ಕ್ಕೆ ಫೋನ್ ಮಾಡಬಹುದು.

ರೇಡಿಯೇಷನ್ ಸಾಮಾನ್ಯವಾಗಿ ಮೂರರಿಂದ ಐದು ವಾರ, ವಾರಕ್ಕೆ ಐದು ದಿನ. ಈ ಓಡಾಟಕ್ಕೆ ಸೋತು ಚಿಕಿತ್ಸೆಯನ್ನು ನಡುವೆ ಬಿಡುವವರು ತುಂಬಾ. ಶಕ್ತಿ ಯೋಜನೆಯಿಂದ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಖರ್ಚಿಲ್ಲ. ಜೊತೆಗೆ ಬರುವ ಅಕ್ಕನಿಗೋ ನಾದಿನಿಗೋ ಕೂಡ ಇಲ್ಲ. ಯಾರು ಯಾವ ದಿನ ಜೊತೆಗೆ ಹೋಗಬೇಕು ಅಂತ ಮನೆಯವರು ಮೊದಲೇ ಹಂಚಿಕೊಳ್ಳಿ.

ಹೋದ ದಿನ ಚೀಟಿ ಬರೆಸುವ ಕೌಂಟರಿನಲ್ಲಿ ಏನು ಹೇಳುವುದು ಅಂತ ತಡವರಿಸಬೇಡಿ. "ಎದೆಯಲ್ಲಿ ಗಂಟು ಸಿಕ್ಕಿದೆ, ಸರ್ಜನ್‌ಗೆ ತೋರಿಸಬೇಕು." ಇಷ್ಟು ಹೇಳಿದರೆ ಸಾಕು. ಸುತ್ತ ಜನ ಇದ್ದು ಬಾಯಿ ಬರದಿದ್ದರೆ, ಮನೆಯಲ್ಲೇ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕಿಟಕಿಯೊಳಗೆ ಕೊಡಿ.